ವರ್ಷಕ್ಕೆ 12,000 ರೂಪಾಯಿ ಕೊಟ್ಟು ಸಾಮಾಜಿಕ ಉದ್ಯಮಗಳ ಜಾಲ ಸೇರಿದರೆ ನಮ್ಮ ರೊಟ್ಟಿ ಘಟಕಕ್ಕೆ ಏನು ಲಾಭ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕಲಬುರಗಿ ಹತ್ತಿರದ ಹಳ್ಳಿಯಲ್ಲಿ 24 ಹೆಣ್ಣುಮಕ್ಕಳು ಸೇರಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾಡಿ ಮಾರುತ್ತಿದ್ದೀರಿ. ಸಮಾಜದ ಒಳಿತಿಗಾಗಿ ವ್ಯಾಪಾರ ಮಾಡುವ ಘಟಕಗಳು, ಅಂದರೆ ಸಾಮಾಜಿಕ ಉದ್ಯಮಗಳು, ಸೇರಿರುವ ಬೆಂಗಳೂರಿನ ಒಂದು ಸದಸ್ಯತ್ವ ಜಾಲ ನಿಮ್ಮನ್ನು ಕರೆದಿದೆ, ವರ್ಷಕ್ಕೆ 12,000 ರೂಪಾಯಿ ಶುಲ್ಕ. ಕೊಡಬೇಕೋ ಬೇಡವೋ?

ಸೇರಿ. ಆದರೆ ಕಾಗದಪತ್ರ ಸರಿ ಮಾಡಿಕೊಂಡ ಮೇಲೆ ಸೇರಿ. ಅನುದಾನ ಸಿಗುತ್ತದೆ ಎಂಬ ಆಸೆಯಿಂದ ಮಾತ್ರ ಸೇರಬೇಡಿ. ಇಂಥ ಜಾಲದಲ್ಲಿ ನಿಜವಾಗಿ ಬೆಲೆಬಾಳುವುದು ಉಳಿದ ಸದಸ್ಯರಿಗೆ ಗೊತ್ತಿರುವ ಸಂಗತಿ. ಯಾವ ಖರೀದಿದಾರ ಹೇಳಿದ ದಿನಕ್ಕೆ ಹಣ ಹಾಕುತ್ತಾನೆ, ಯಾರು ಮೂರು ತಿಂಗಳು ಅಲೆದಾಡಿಸುತ್ತಾನೆ, ರೊಟ್ಟಿ ಒಡೆಯದಂತೆ ಕಳಿಸಲು ಯಾವ ಡಬ್ಬಿ ಬೇಕು, ಆ ಡಬ್ಬಿ ಎಲ್ಲಿ ಅಗ್ಗ. ಇದನ್ನು ಒಬ್ಬರೇ ಕಲಿಯಲು ಹೋದರೆ ಪ್ರತಿ ಪಾಠಕ್ಕೂ ಒಂದೊಂದು ಆರ್ಡರ್ ಹಾಳಾಗುತ್ತದೆ.

ಮೊದಲು ಲೆಕ್ಕ. 12,000ಕ್ಕೆ 18% ಜಿಎಸ್‌ಟಿ ಸೇರಿದರೆ 14,160. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಆ ತೆರಿಗೆ ವಾಪಸ್ ಸಿಗುವುದಿಲ್ಲ, ಪೂರ್ತಿ ನಿಮ್ಮ ಖರ್ಚೇ. ಒಂದು ರೊಟ್ಟಿಗೆ ಎಲ್ಲ ಖರ್ಚು ಕಳೆದು ಒಂದೂವರೆ ರೂಪಾಯಿ ಉಳಿಯುತ್ತದೆ ಎಂದುಕೊಳ್ಳೋಣ. ಶುಲ್ಕ ಹುಟ್ಟಬೇಕಾದರೆ 9,440 ರೊಟ್ಟಿ ಹೆಚ್ಚಿಗೆ ಮಾರಬೇಕು. ತಿಂಗಳಿಗೆ 26 ದಿನ ಒಲೆ ಉರಿದರೆ ದಿನಕ್ಕೆ ಸುಮಾರು 30 ರೊಟ್ಟಿ. ಇದು ದೊಡ್ಡ ಮಾತಲ್ಲ. ಆದರೆ ಜಾಲದ ಸಭೆಗಳು ಬೆಂಗಳೂರಿನಲ್ಲಿ ನಡೆದರೆ, ವರ್ಷಕ್ಕೆ ಎರಡು ಸಲ ಇಬ್ಬರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುವ ಟಿಕೆಟ್ಟು, ವಸತಿ, ಊಟ, ಜೊತೆಗೆ ಅವರ ಕೂಲಿ ನಷ್ಟ ಸೇರಿ ಶುಲ್ಕದಷ್ಟೇ ಮತ್ತೊಂದು ಖರ್ಚು ಎದುರಾಗುತ್ತದೆ. ನಮ್ಮ ಭಾಗದ ಘಟಕಗಳು ಲೆಕ್ಕ ತಪ್ಪುವುದು ಇಲ್ಲೇ. ಮುಂದಿನ ಲೆಕ್ಕವನ್ನೆಲ್ಲ ದಿನಕ್ಕೆ 60 ರೊಟ್ಟಿ ಎಂದೇ ಹಿಡಿಯಿರಿ.

ಇನ್ನು ಖರೀದಿದಾರರ ವಿಷಯ. ದೀಪಾವಳಿಗೆ ಕಂಪನಿಗಳು ಉಡುಗೊರೆ ಪೆಟ್ಟಿಗೆ ಕೊಳ್ಳುತ್ತವೆ, ಮಾತುಕತೆ ಹಬ್ಬಕ್ಕೆ ಮೂರು ತಿಂಗಳ ಮೊದಲೇ ಶುರುವಾಗುತ್ತದೆ. ಒಂದೇ ಕಂಪನಿ 500 ಪೆಟ್ಟಿಗೆ ಕೇಳಿದರೆ ನಿಮ್ಮೊಬ್ಬರಿಂದ ಆಗಲಿಕ್ಕಿಲ್ಲ. ಜಾಲದಲ್ಲಿದ್ದರೆ ಮೂರು ಘಟಕ ಸೇರಿ ಒಪ್ಪಿಕೊಳ್ಳಬಹುದು: ನಿಮ್ಮ ರೊಟ್ಟಿ ಮತ್ತು ಹಿಂಡಿ, ಯಾದಗಿರಿ ಕಡೆಯ ಒಂದು ರೈತ ಕಂಪನಿಯ ಬೇಳೆ, ಬೀದರಿನ ಕುಶಲಕರ್ಮಿಯ ಸಣ್ಣ ಬಿದ್ರಿ ಬಟ್ಟಲು. ಹೀಗೆ ಕೂಡಿದಾಗ ದಿನಾಂಕವನ್ನು ಅತಿ ನಿಧಾನದ ಕೆಲಸ ನೋಡಿ ಗೊತ್ತು ಮಾಡಬೇಕು. ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯಬೇಕು, ಕೈಯಲ್ಲಿ ಕೆತ್ತಬೇಕು, ಗೆರೆಯಲ್ಲಿ ಬೆಳ್ಳಿ ಕೂರಿಸಬೇಕು, ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಬೇಕು. ಇದರಲ್ಲಿ ಯಾವುದನ್ನೂ ಅವಸರ ಮಾಡಲಾಗದು. ಅತ್ತ ರೊಟ್ಟಿಯನ್ನು ಎರಡು ತಿಂಗಳು ಮೊದಲೇ ಮಾಡಿಡಲೂ ಆಗದು. ಬಟ್ಟಲು ಮೊದಲು, ರೊಟ್ಟಿ ಕೊನೆಯ ವಾರ ಎಂದು ಬರೆದುಕೊಳ್ಳದೆ ಹೊರಟರೆ ಪೆಟ್ಟಿಗೆ ಕಟ್ಟುವ ದಿನ ಒಂದಿದ್ದರೆ ಒಂದಿರುವುದಿಲ್ಲ.

ಪ್ಯಾಕಿಂಗ್‌ನಲ್ಲೂ ಜಾಲದ ಉಪಯೋಗ ದೊಡ್ಡದು. ಬಣ್ಣದ ಅಚ್ಚಿನ ಚೀಲ ಮಾಡಿಸಲು ಹೋದರೆ ಪ್ರತಿ ಬಣ್ಣಕ್ಕೂ ಬೇರೆ ಅಚ್ಚಿನ ಸಿಲಿಂಡರ್‌ಗೆ ಹಣ ಕೇಳುತ್ತಾರೆ, ಕಡಿಮೆ ಸಂಖ್ಯೆಗೆ ಯಂತ್ರ ಓಡಿಸುವುದಿಲ್ಲ. ನಾಲ್ಕು ಸದಸ್ಯರು ಒಂದೇ ಅಳತೆಯ ಸಾದಾ ಚೀಲ ಒಟ್ಟಿಗೆ ತರಿಸಿ, ತಮ್ಮ ತಮ್ಮ ಲೇಬಲ್ ಅಂಟಿಸಿಕೊಂಡರೆ ಆ ಖರ್ಚು ತಪ್ಪುತ್ತದೆ. ಶೇಂಗಾ ಹಿಂಡಿ ನಮ್ಮ ಮೇ ತಿಂಗಳ ಬಿಸಿಲಿಗೆ ಬೇಗ ಕಮಟುತ್ತದೆ, ಏಕೆಂದರೆ ಶೇಂಗಾದ ಎಣ್ಣೆ ಗಾಳಿ ಮತ್ತು ಶಾಖಕ್ಕೆ ಕೆಡುತ್ತದೆ. ಎಷ್ಟು ದಿನ ಬಾಳುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡಿಸಿಯೇ ಲೇಬಲ್ ಮೇಲೆ ಬರೆಯಬೇಕು. ಯಾವ ಪ್ರಯೋಗಾಲಯ ಎಷ್ಟು ದಿನಕ್ಕೆ, ಎಷ್ಟು ಹಣಕ್ಕೆ ವರದಿ ಕೊಡುತ್ತದೆ ಎಂಬುದು ಈಗಾಗಲೇ ಮಾಡಿಸಿದ ಸದಸ್ಯರಿಗೆ ಗೊತ್ತಿರುತ್ತದೆ. ಲೇಬಲ್ಲಿನಲ್ಲಿ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ದೂರು ಕೊಡುವ ಫೋನ್ ನಂಬರ್ ಇರಲೇಬೇಕು. ತಿನ್ನುವ ವಸ್ತುವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಂಬರೂ ಬೇಕು.

ಬೇಳೆಯ ವಿಷಯದಲ್ಲಿ ಒಂದು ಎಚ್ಚರ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ಊರಿನದೇ ವಿಶಿಷ್ಟ ಉತ್ಪನ್ನ ಎಂಬ ಮಾನ್ಯತೆ ಸಿಕ್ಕಿದೆ ನಿಜ. ಆದರೆ ಆ ಹೆಸರನ್ನು, ಮುದ್ರೆಯನ್ನು ಚೀಲದ ಮೇಲೆ ಹಾಕಲು ನೀವು ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಿರಬೇಕು. ಜಾಲದವರು ತಮ್ಮ ಪಟ್ಟಿಯಲ್ಲಿ ನಿಮ್ಮ ಬೇಳೆಯನ್ನು 'ಜಿಐ ಬೇಳೆ' ಎಂದು ಪ್ರೀತಿಯಿಂದ ಬರೆದುಬಿಟ್ಟರೆ, ಜವಾಬು ಕೊಡಬೇಕಾದವರು ನೀವು. ನೋಂದಣಿ ಆಗುವವರೆಗೆ ಹಾಗೆ ಬರೆಯಬೇಡಿ ಎಂದು ಮೊದಲೇ ಹೇಳಿ.

ಹಣ ವಸೂಲಿಯಲ್ಲಿ ಜಾಲದ ಬಲ ಎಷ್ಟು ಉಪಯೋಗ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಾನೂನು ಗಟ್ಟಿಯಾಗಿದೆ. ಆದರೆ ಇರುವುದೇ ಒಬ್ಬ ದೊಡ್ಡ ಖರೀದಿದಾರ, ಅವನ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಹೋದೀತು ಎಂದು ಸಣ್ಣವರು ಹಲ್ಲು ಕಚ್ಚಿ ಕೂರುತ್ತಾರೆ. ಹತ್ತು ಸದಸ್ಯರ ಪರವಾಗಿ ಜಾಲವೇ ಒಂದು ಪತ್ರ ಬರೆದರೆ ಯಾರ ಹೆಸರೂ ಒಂಟಿಯಾಗಿ ಎದ್ದು ಕಾಣುವುದಿಲ್ಲ. ಈ ರಕ್ಷಣೆಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು ಬೇಕು. ಅದು ಪೂರ್ತಿ ಉಚಿತ, ಸ್ವಸಹಾಯ ಗುಂಪಿನ ಹೆಸರಲ್ಲೂ ಆಗುತ್ತದೆ, ದಲ್ಲಾಳಿಗೆ ಹಣ ಕೊಡಬೇಡಿ. ಆರ್ಡರ್ ಒಪ್ಪುವ ಮೊದಲೇ ಮಾಡಿಸಿಕೊಳ್ಳಿ, ಆಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಅದು ಅನ್ವಯಿಸುತ್ತದೋ ಇಲ್ಲವೋ ಎಂಬ ತಕರಾರೇ ದೊಡ್ಡದಾಗುತ್ತದೆ. ಇನ್ನೊಂದು: ಕಲಬುರಗಿ ಮಾರುಕಟ್ಟೆ ನೆಹರೂ ಗಂಜ್‌ನ ಅಡತಿಯಿಂದ ಬೇಳೆ ತಂದು ಹಾಗೇ ಮಾರಿದರೆ ಅದು ಬರೀ ವ್ಯಾಪಾರ, ಈ ರಕ್ಷಣೆ ಅದಕ್ಕಿಲ್ಲ. ನೀವೇ ತೊಗರಿ ಒಡೆಸಿ ಬೇಳೆ ಮಾಡುತ್ತಿದ್ದರೆ ಆ ದಾಖಲೆ ಇಟ್ಟುಕೊಳ್ಳಿ.

ಈಗ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಖರ್ಚು ಮಾಡುವ ಹಣ. 'ನಮ್ಮಲ್ಲಿ ಸೇರಿದರೆ ಸಿಎಸ್‌ಆರ್ ಕೊಡಿಸುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ ಕೇಳಿ: ಯಾವ ರೂಪದ ಸಂಸ್ಥೆಗೆ? ಕಂಪನಿಯ ಸಿಎಸ್‌ಆರ್ ಕೆಲಸವನ್ನು ನೇರವಾಗಿ ವಹಿಸಿಕೊಳ್ಳಬೇಕಾದರೆ ನೀವು ಸೆಕ್ಷನ್ 8 ಕಂಪನಿ (ಲಾಭ ಹಂಚದ ಕಂಪನಿ), ಸಾರ್ವಜನಿಕ ಟ್ರಸ್ಟ್ ಅಥವಾ ನೋಂದಾಯಿತ ಸೊಸೈಟಿ ಆಗಿರಬೇಕು. 12ಎ, 80ಜಿ ಎಂದು ಎಲ್ಲರೂ ಕರೆಯುವ ಆದಾಯ ತೆರಿಗೆ ನೋಂದಣಿ ಇರಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು, ಸಿಎಸ್‌ಆರ್-1 ನಮೂನೆ ತುಂಬಿ ನಂಬರ್ ಪಡೆದಿರಬೇಕು. ಸ್ವಸಹಾಯ ಗುಂಪಿಗೂ, ಉತ್ಪಾದಕರೇ ಸದಸ್ಯರಾಗಿರುವ ಉತ್ಪಾದಕರ ಕಂಪನಿಗೂ ಆ ನಂಬರ್ ಸಿಗುವುದಿಲ್ಲ. ನಿಮಗಿರುವ ದಾರಿ, ಅರ್ಹತೆ ಇರುವ ಒಂದು ಟ್ರಸ್ಟಿನ ಯೋಜನೆಯಲ್ಲಿ ಫಲಾನುಭವಿಗಳಾಗುವುದು. ಹಿಟ್ಟು ನಾದುವ ಯಂತ್ರವೋ ರೊಟ್ಟಿ ಒಣಗಿಸುವ ವ್ಯವಸ್ಥೆಯೋ ಆ ಮೂಲಕ ಬರಬಹುದು. ಅಂಥ ಟ್ರಸ್ಟಿನ ಪರಿಚಯ ಜಾಲದಲ್ಲಿ ಆಗುತ್ತದೆ, ಅದು ಖರೆ. ಆದರೆ ಪರಿಚಯ ಬೇರೆ, ಮಂಜೂರಾತಿ ಬೇರೆ.

ಹಾಗೆಂದು ಜಾಲಗಳನ್ನು ಹಗುರವಾಗಿ ಕಾಣಬಾರದು. ಗಟ್ಟಿ ಜಾಲ ಏನು ಮಾಡಬಲ್ಲದು ಎನ್ನುವುದಕ್ಕೆ ಬ್ರಿಟನ್ನಿನ ಸೋಷಿಯಲ್ ಎಂಟರ್‌ಪ್ರೈಸ್ ಯುಕೆ ನೋಡಿ. 2016ರಲ್ಲಿ ಅದು ದೊಡ್ಡ ಕಂಪನಿಗಳನ್ನು ಒಟ್ಟುಗೂಡಿಸಿ, ಸಾಮಾಜಿಕ ಉದ್ಯಮಗಳಿಂದ 100 ಕೋಟಿ ಪೌಂಡಿನಷ್ಟು ಖರೀದಿಸಬೇಕೆಂಬ ಗುರಿ ಇಟ್ಟಿತು. ಸದಸ್ಯರಾಗಲು ಅಲ್ಲಿ ಅಳತೆಯೂ ಇದೆ: ಆದಾಯದ ಹೆಚ್ಚು ಪಾಲು ವ್ಯಾಪಾರದಿಂದ ಬರಬೇಕು, ಲಾಭದ ಕನಿಷ್ಠ ಅರ್ಧ ಸಾಮಾಜಿಕ ಉದ್ದೇಶಕ್ಕೇ ಹೋಗಬೇಕು. ನಮ್ಮಲ್ಲಿ ಸಾಮಾಜಿಕ ಉದ್ಯಮಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. 2022ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ಸಾಮಾಜಿಕ ಉದ್ಯಮಗಳು ಹಣ ಎತ್ತುವ ಮಾರುಕಟ್ಟೆಯಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ಗಾಗಿ ಮಾಡಿದ ನಿಯಮದಲ್ಲಿ ಮೂರು ವರ್ಷದ ಸರಾಸರಿ ಆದಾಯ, ಖರ್ಚು ಅಥವಾ ಫಲಾನುಭವಿಗಳಲ್ಲಿ 67% ಗೊತ್ತುಪಡಿಸಿದ ಸಾಮಾಜಿಕ ಕೆಲಸಕ್ಕೆ ಸೇರಿರಬೇಕು ಎಂಬ ಅಳತೆ ಬಂತು. ಆ ಮಾರುಕಟ್ಟೆ ನಿಮಗೆ ಈಗ ಬೇಡ. ಆದರೆ ಅಳತೆ ಉಪಯೋಗಕ್ಕೆ ಬರುತ್ತದೆ. ಯಾವ ಹೆಣ್ಣುಮಗಳು ಎಷ್ಟು ದಿನ ದುಡಿದಳು, ಕೈಗೆ ಎಷ್ಟು ಹೋಯಿತು ಎಂಬ ರಿಜಿಸ್ಟರನ್ನು ಇವತ್ತಿನಿಂದಲೇ ಬರೆದಿಟ್ಟರೆ ಮುಂದೆ ಯಾರು ಕೇಳಿದರೂ ತೋರಿಸಬಹುದು.

ಕಾಗದಪತ್ರದ ಮಾತು ಎತ್ತಿದ್ದೆನಲ್ಲ. ಬರೀ ಗುಂಪಾಗಿದ್ದರೆ ಬಹಳಷ್ಟು ಜಾಲಗಳು ನೇರ ಸದಸ್ಯತ್ವ ಕೊಡುವುದಿಲ್ಲ, ನೋಂದಣಿ ಪತ್ರ ಕೇಳುತ್ತವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸಾಕು, ಆದರೆ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಉತ್ಪಾದಕರ ಕಂಪನಿಗೆ 10 ಜನ ಉತ್ಪಾದಕರು, 5 ಜನ ನಿರ್ದೇಶಕರು ಬೇಕು, ಅದರಲ್ಲಿ ದುಡಿಮೆಗೆ ತಕ್ಕ ಬೋನಸ್ ಹಂಚಬಹುದು, ಆದರೆ ವ್ಯವಹಾರ ನಡೆಯಲಿ ಬಿಡಲಿ ಪ್ರತಿ ವರ್ಷ ಸಿಎ ಆಡಿಟ್ ಮತ್ತು ರಿಟರ್ನ್ ತಪ್ಪುವುದಿಲ್ಲ. ನಿಮ್ಮ ಗುರಿ 24 ಮನೆಗಳ ಗಳಿಕೆಯಾದ್ದರಿಂದ ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ.

ಹಣ ಕಟ್ಟುವ ಮೊದಲು ಊರಲ್ಲಿ ಉಚಿತವಾಗಿ ಇರುವುದನ್ನು ಬಳಸಿ. ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ, ಸ್ವಸಹಾಯ ಗುಂಪುಗಳು ಮಾರಾಟ ಮಾಡುವ ಸರಸ್ ಮೇಳಕ್ಕೆ ಹೋಗುವ ದಾರಿ ಇದೆ. ಬೀದರಿನ ಬಿದ್ರಿಯವರಂಥ ಕರಕುಶಲ ಘಟಕಗಳಿಗೆ ನ್ಯಾಯಯುತ ವ್ಯಾಪಾರದ ಜಾಗತಿಕ ಸಂಸ್ಥೆ ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಶನ್ನಿನಂಥ ಜಾಲ ಹೊಂದುತ್ತದೆ, ಅದರ 10 ತತ್ವಗಳಿಗೆ ತಕ್ಕಂತೆ ನಡೆಯುತ್ತೀರೆಂದು ತೋರಿಸಬೇಕು. ಆ್ಯಂಡೆ (ANDE) ಎಂಬ ಹೆಸರನ್ನು ಕೇಳಿರಬಹುದು. ಅದು ಸಣ್ಣ ಉದ್ಯಮಗಳಿಗೆ ಬಂಡವಾಳ, ತರಬೇತಿ ಕೊಡುವ ಸಂಸ್ಥೆಗಳ ಜಾಲ, ನಿಮ್ಮಂಥ ಘಟಕ ಅಲ್ಲಿ ಅರ್ಜಿ ಹಾಕಬೇಕಿಲ್ಲ.

ನಿಮ್ಮನ್ನು ಕರೆದವರನ್ನು ಕೇಳಬೇಕಾದ್ದು: ಕಲ್ಯಾಣ ಕರ್ನಾಟಕದ ಸದಸ್ಯರು ಎಷ್ಟು ಮಂದಿ, ಅವರಲ್ಲಿ ಇಬ್ಬರ ನಂಬರ್ ಕೊಡುತ್ತೀರಾ? ಕಳೆದ ವರ್ಷ ಬಿಟ್ಟುಹೋದವರು ಎಷ್ಟು, ಯಾಕೆ? ಸಭೆ, ಸಂದೇಶ ಕನ್ನಡದಲ್ಲಿ ಇರುತ್ತವೆಯೇ? ಮಾರಾಟವಾದರೆ ಕಮಿಷನ್ ಬೇರೆ ಹಿಡಿಯುತ್ತೀರಾ? ವರ್ಷ ಮುಗಿದ ಮೇಲೆ ಶುಲ್ಕ ತಾನಾಗಿ ಕಡಿತವಾಗುತ್ತದೆಯೇ? ಸದಸ್ಯರ ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ನಾನಾದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಸೇರಿದ ಮೇಲೆ ಮೊದಲ ಮೂರು ತಿಂಗಳು ಒಂದೇ ಕೆಲಸ ಹಿಡಿಯಿರಿ, ಉದಾಹರಣೆಗೆ ರೊಟ್ಟಿಯ ಪ್ಯಾಕಿಂಗ್. ಹತ್ತು ಸದಸ್ಯರಿಗೆ ಫೋನ್ ಮಾಡಿ ಅದೊಂದನ್ನೇ ಕೇಳಿ. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾರೂ ಬಿಡುವು ಮಾಡಿಕೊಂಡು ಉತ್ತರಿಸುವುದಿಲ್ಲ. ಸದಸ್ಯತ್ವದ ಇ-ಮೇಲ್, ಫೋನ್ ಗುಂಪಿನ ಹೆಸರಲ್ಲಿರಲಿ. ಇಂಗ್ಲಿಷ್ ಬರುವ ಒಬ್ಬ ಹುಡುಗಿಯ ಮೊಬೈಲಿಗೆ ಎಲ್ಲವೂ ಬರುವಂತೆ ಮಾಡಿ, ಆಕೆ ಮದುವೆಯಾಗಿ ಬೇರೆ ಊರಿಗೆ ಹೋದ ದಿನವೇ ಸದಸ್ಯತ್ವ ಸತ್ತುಹೋಗುವುದು ತೀರಾ ಸಾಮಾನ್ಯ. ಆನ್‌ಲೈನ್ ತರಬೇತಿಯನ್ನು ಬೆಳಗ್ಗೆ 11ಕ್ಕೆ ಇಡುತ್ತಾರೆ, ಆಗ ನಿಮ್ಮವರೆಲ್ಲ ಹಂಚಿನ ಮುಂದೆ ಇರುತ್ತಾರೆ. ಮಧ್ಯಾಹ್ನ 3ರ ನಂತರ ಇಡಿ ಎಂದು ಲಿಖಿತವಾಗಿ ಕೇಳಿ, ನಾಲ್ಕು ಘಟಕ ಕೇಳಿದರೆ ಬದಲಾಯಿಸುತ್ತಾರೆ. ಸಾಮರ್ಥ್ಯ ಕೇಳಿದಾಗ ಅತಿ ಚೆನ್ನಾಗಿ ನಡೆದ ದಿನದ ಲೆಕ್ಕ ಹೇಳಬೇಡಿ. ತೊಗರಿ ರಾಶಿಯ ಕಾಲದಲ್ಲಿ, ಡಿಸೆಂಬರ್ ಜನವರಿಗೆ, ಅರ್ಧ ಮಂದಿ ಹೊಲದಲ್ಲಿರುತ್ತಾರೆ. ಆ ತಿಂಗಳಲ್ಲಿ ಎಷ್ಟಾಗುತ್ತದೋ ಅದೇ ನಿಮ್ಮ ಸಾಮರ್ಥ್ಯ.

ಒಂದು ನೋಟ್‌ಬುಕ್ಕಿನಲ್ಲಿ ಜಾಲದಿಂದ ಬಂದ ಆರ್ಡರ್, ಉಳಿತಾಯವಾದ ಪ್ಯಾಕಿಂಗ್ ಖರ್ಚು, ವಸೂಲಾದ ಬಾಕಿ ಮೂರನ್ನೂ ಬರೆಯುತ್ತಾ ಹೋಗಿ. ಹನ್ನೊಂದನೇ ತಿಂಗಳಲ್ಲಿ 24 ಮಂದಿಯೂ ಕೂತು ಕೂಡಿಸಿ. ಶುಲ್ಕ ಮತ್ತು ಓಡಾಟ ಸೇರಿದ ಮೊತ್ತ ದಾಟಿದ್ದರೆ ನವೀಕರಿಸಿ. ದಾಟಿರದಿದ್ದರೆ ಅದೇ ಹಣದಲ್ಲಿ ಹಿಂಡಿಯ ಪ್ರಯೋಗಾಲಯದ ವರದಿ ಮಾಡಿಸಿ.