ಚಾಕುವಿನ ಹಿಡಿ ಎಲ್ಲಿ ಚುಚ್ಚುತ್ತದೋ ಅಲ್ಲಿ ಮಾತ್ರ ಉಜ್ಜಿ

ಪ್ರಶ್ನೆ: ನನ್ನ ಹತ್ತಿರ ಜಿ-10 ಹಿಡಿಯ ಮಡಚುವ ಚಾಕು ಇದೆ. ಅಲಗು ಚೆನ್ನಾಗಿದೆ, ಹಿಡಿ ಮಾತ್ರ ತುಂಬಾ ಒರಟು. ಸ್ವಲ್ಪ ಹೊತ್ತು ರಟ್ಟು ಕತ್ತರಿಸಿದರೆ ಅಂಗೈ ಕೆಂಪಾಗುತ್ತದೆ. ಕ್ಲಿಪ್ ಸಿಕ್ಕಿಸುವ ಕಡೆ ಪ್ಯಾಂಟಿನ ಜೇಬು ಸವೆದು ದಾರ ಬಿಟ್ಟಿದೆ. ಉಪ್ಪು ಕಾಗದದಲ್ಲಿ ಉಜ್ಜಿ ಹಿಡಿಯನ್ನು ಪೂರ್ತಿ ನಯ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಪೂರ್ತಿ ಬೇಡ. ಮೊದಲು ಚಾಕುವನ್ನು ಗಟ್ಟಿಯಾಗಿ ಹಿಡಿದು ಐದು ನಿಮಿಷ ರಟ್ಟು ಕತ್ತರಿಸಿ, ಅಂಗೈ ನೋಡಿಕೊಳ್ಳಿ. ಕೆಂಪು ಗೆರೆ ಎಲ್ಲಿ ಬಿದ್ದಿದೆ? ಹೆಚ್ಚಿನ ಸಲ ನೋವು ಕೊಡುವುದು ಹಿಡಿಯ ಅಗಲವಾದ ಮುಖ ಅಲ್ಲ, ಅದರ ಚೂಪಾದ ಅಂಚು. ಮುಖದ ಒರಟುತನ ನಿಮಗೆ ಬೇಕು. ಕೈ ಒದ್ದೆಯಾದಾಗ ಚಾಕು ಜಾರದಂತೆ ಹಿಡಿದಿಡುವುದು ಅದೇ ಅಲ್ವಾ?

ಜಿ-10 ಅಂದರೆ ಗಾಜಿನ ಎಳೆಯ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಹಾಗಾಗಿ ಉಜ್ಜಿದಾಗ ಏಳುವ ಧೂಳಿನಲ್ಲಿ ಗಾಜಿನ ಚೂರುಗಳಿರುತ್ತವೆ. ಚರ್ಮಕ್ಕೆ ತಗುಲಿದರೆ ತುರಿಕೆ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಒಣಗಿದ್ದಾಗ ಉಜ್ಜಲೇಬೇಡಿ. ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜಬಹುದಾದ ಉಪ್ಪು ಕಾಗದ ತಗೊಳ್ಳಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹಿಡಿಯನ್ನು ಅದರಲ್ಲಿ ಅದ್ದಿ ಅದ್ದಿ ಉಜ್ಜಿ. ಒದ್ದೆ ಮಾಡಿದ್ದೀನಲ್ಲ ಅಂತ ಮಾಸ್ಕ್ ಬಿಡಬೇಡಿ, ಎನ್-95 ಹಾಕಿಕೊಳ್ಳಿ. ಮೇಜಿನ ಮೇಲೆ ಉಳಿದ ಕೆಸರನ್ನು ಒಣಗುವ ಮೊದಲೇ ಒರೆಸಿ ತೆಗೆಯಿರಿ.

ನಿಮ್ಮ ಚಾಕು ಸ್ಕ್ರೂ ಹಾಕಿದ್ದಾದರೆ ಹಿಡಿಯ ಎರಡು ಪಟ್ಟಿಗಳನ್ನೂ ಬಿಚ್ಚಿ ತೆಗೆದು ಕೆಲಸ ಮಾಡಿ. ಈ ಸ್ಕ್ರೂಗಳು ಹೆಚ್ಚಾಗಿ ಟಿ-6 ಅಥವಾ ಟಿ-8 ಟಾರ್ಕ್ಸ್ (ತಲೆಯಲ್ಲಿ ನಕ್ಷತ್ರದಾಕಾರದ ಗುಳಿ ಇರುವ) ಅಳತೆಯವು. ಸ್ಕ್ರೂಡ್ರೈವರಿನ ತುದಿ, ಅಂದರೆ ಬಿಟ್, ಸರಿಯಾಗಿ ಕೂರದಿದ್ದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ, ಆಮೇಲೆ ಬಿಚ್ಚುವುದೇ ದೊಡ್ಡ ಕೆಲಸ. ಮೊಳೆ ಬಡಿದು ಕೂರಿಸಿದ ಹಿಡಿಯಾದರೆ ಬಿಚ್ಚಲು ಹೋಗಬೇಡಿ. ಅಲಗನ್ನು ಮಡಚಿ, ಅದು ತಿರುಗುವ ಕೀಲಿನ ಸಂದನ್ನೂ ಸೇರಿಸಿ ಟೇಪ್ ಸುತ್ತಿ.

ಕೈ ಹೇಳಿದ ಜಾಗಗಳನ್ನು ಬಿಳಿ ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳಿ. 400 ನಂಬರಿನ ಕಾಗದವನ್ನು (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಎರಡು ಬೆರಳು ಅಗಲದ ಪಟ್ಟಿಯಾಗಿ ಕತ್ತರಿಸಿ, ಶೂ ಪಾಲಿಶ್ ಮಾಡುವಾಗ ಬಟ್ಟೆ ಎಳೆಯುತ್ತೇವಲ್ಲ, ಹಾಗೆ ಅಂಚಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯಿರಿ. ಹತ್ತು ಸಲ ಎಳೆದು ನಿಲ್ಲಿಸಿ, ತೊಳೆದು, ಕೈಯಲ್ಲಿ ಹಿಡಿದು ನೋಡಿ. ಗೀಚು ಅಳಿಸಿ ಹೋದಲ್ಲೆಲ್ಲ ಕಾಗದ ತಾಗಿದೆ ಅಂತ ಅರ್ಥ. ಚುಚ್ಚುವುದು ನಿಂತರೆ 600 ನಂಬರಿನಲ್ಲಿ ಒಂದು ಸುತ್ತು ಕೊಟ್ಟು ಮುಗಿಸಿ. ಹೋದ ಪದರ ವಾಪಸ್ ಬರುವುದಿಲ್ಲ, ಆತುರ ಬೇಡ.

ಜೇಬಿನ ಸಮಸ್ಯೆಗೆ ಕ್ಲಿಪ್ ತೆಗೆದು, ಅದರ ಕೆಳಗಿನ ಅಷ್ಟು ಜಾಗವನ್ನು ಮಾತ್ರ ನುಣುಪು ಮಾಡಿದರೆ ಸಾಕು. ಇಲ್ಲಿ ಕಾಗದವನ್ನು ಗಟ್ಟಿ ರಬ್ಬರಿನ ತುಂಡಿಗೆ ಸುತ್ತಿಕೊಳ್ಳಿ. ನಾನು ಮೊದಲ ಸಲ ಬರೀ ಬೆರಳಲ್ಲಿ ಒತ್ತಿ ಉಜ್ಜಿದ್ದೆ. ಬೆರಳು ಎಲ್ಲಿ ಒತ್ತಿತ್ತೋ ಅಲ್ಲೆಲ್ಲ ತಗ್ಗು ಬಿತ್ತು. ಬೆಳಕಿಗೆ ಓರೆ ಹಿಡಿದರೆ ಈಗಲೂ ಕಾಣುತ್ತದೆ.

ಕಪ್ಪು ಜಿ-10 ಉಜ್ಜಿದ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾಬರಿಯಾಗಬೇಡಿ. ಮಿನರಲ್ ಆಯಿಲ್ ಒಂದು ಹನಿ ಸವರಿ ಒರೆಸಿದರೆ ಕಪ್ಪು ಮರಳುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಮರದ ಹಿಡಿಯ ಚಾಕು ಇದೆ. ಹಿತ್ತಾಳೆ ಮೊಳೆಗಳಿವೆ. ಮಷಿನ್ ಹಾಕಿ ಪಾಲಿಶ್ ಮಾಡಿಸಲಾ?

ಉತ್ತರ: ದಯವಿಟ್ಟು ಬೇಡ. ಮಷಿನ್ ತಿರುಗುವ ಬಿಸಿಗೆ ಮೊಳೆ ಕಾಯುತ್ತದೆ, ಸುತ್ತಲಿನ ಮರ ಸುಡುತ್ತದೆ, ಒಳಗೆ ಅಂಟು ಹಾಕಿದ್ದರೆ ಅದೂ ಸಡಿಲವಾಗುತ್ತದೆ. ಕೈಯಲ್ಲೇ ಮಾಡಿ. 320, ಆಮೇಲೆ 400, ಯಾವಾಗಲೂ ಮರದ ಎಳೆ ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದ ಗೀರುಗಳು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತವೆ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ, ಪೂರ್ತಿ ಒಣಗಲು ಬಿಡಿ. ನುಣುಪಾಗಿದ್ದ ಮರ ಎರಡು ದಿನದ ಗಡ್ಡದ ಹಾಗೆ ತರಿತರಿಯಾಗಿರುತ್ತದೆ. ಮಲಗಿದ್ದ ನಾರು ನೀರು ಕುಡಿದು ಎದ್ದಿರುತ್ತದೆ, ಅಷ್ಟೆ. ಅದನ್ನು 400ರಲ್ಲಿ ಹಗುರವಾಗಿ ತೆಗೆಯಿರಿ. ಈ ಹಂತ ಬಿಟ್ಟವರ ಹಿಡಿ ಮೊದಲ ಸಲ ಬೆವರು ತಾಗಿದ ಕೂಡಲೇ ಮತ್ತೆ ಒರಟಾಗುತ್ತದೆ.

ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಅದು ಒಣಗಿದ ಮೇಲೆ ಇನ್ನೊಂದು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ, ಮನೆಯ ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ.

ಪ್ರಶ್ನೆ: 2000 ನಂಬರಿನವರೆಗೆ ಹೋಗಿ ಕನ್ನಡಿಯಂತೆ ಹೊಳಪು ತರಿಸಬಹುದಾ?

ಉತ್ತರ: ಗಾಜಿನ ಪೆಟ್ಟಿಗೆಯಲ್ಲಿ ಇಡುವ ಚಾಕುವಾದರೆ ಧಾರಾಳವಾಗಿ ಮಾಡಿ. ಕೆಲಸಕ್ಕೆ ಬಳಸುವುದಾದರೆ 600 ದಾಟಬೇಡಿ. ಒದ್ದೆ ಕೈಯಲ್ಲಿ ಹಿಡಿ ಜಾರಿದರೆ ಬೆರಳು ಹೋಗಿ ನಿಲ್ಲುವುದು ಅಲಗಿನ ಮೇಲೆ.