ಕಮಿಷನಿಂಗ್ ಕೆಲಸಕ್ಕೆ ಹೋಗಬಹುದಾ? ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಹೊಸ ಕಾರ್ಖಾನೆಗಳ ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟೇಷನ್ (ಅಳತೆ, ನಿಯಂತ್ರಣದ ಸಾಧನಗಳು) ಕಮಿಷನಿಂಗ್, ಅಂದರೆ ಕಟ್ಟಿ ಮುಗಿದ ಪ್ಲಾಂಟನ್ನು ಪರೀಕ್ಷಿಸಿ ಮೊದಲ ಸಲ ಓಡಿಸುವ ಕೆಲಸದ ಬಗ್ಗೆ ಈ ಸಲ ತುಂಬ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿದ್ದೇವೆ. ಉತ್ತರ ಕೊಟ್ಟಿರುವವರು ವಿದ್ಯುತ್, ಸಿಮೆಂಟ್ ಮತ್ತು ಸಕ್ಕರೆ ಪ್ಲಾಂಟ್‌ಗಳಲ್ಲಿ 26 ವರ್ಷ ಇದೇ ಕೆಲಸ ಮಾಡಿದ ಇಂಜಿನಿಯರ್.

ಪ್ರಶ್ನೆ: ಸರ್, ಡಿಪ್ಲೊಮಾ ಎಲೆಕ್ಟ್ರಿಕಲ್ ಮುಗಿಸಿ ಎರಡು ವರ್ಷದಿಂದ ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಮಾಡುತ್ತಿದ್ದೇನೆ. ಗೆಳೆಯರು ಕಮಿಷನಿಂಗ್‌ಗೆ ಬಾ ಅನ್ನುತ್ತಾರೆ. ಅಲ್ಲಿ ನಿಜವಾಗಿ ಏನು ಕೆಲಸ? ಮೇಂಟೆನೆನ್ಸ್‌ಗೂ ಅದಕ್ಕೂ ಏನು ವ್ಯತ್ಯಾಸ?
ಜಮಖಂಡಿಯ ಓದುಗ

ಉತ್ತರ: ನಿಮ್ಮ ಕಾರ್ಖಾನೆಯಲ್ಲಿ ಒಂದು ಮೋಟಾರ್ ನಿಂತರೆ ನಿಮಗೆ ಒಂದು ಧೈರ್ಯ ಇರುತ್ತದೆ. ನಿನ್ನೆವರೆಗೂ ಅದು ಓಡುತ್ತಿತ್ತು. ಅಂದರೆ ವೈರಿಂಗ್ ಸರಿ, ಡ್ರಾಯಿಂಗ್ ಸರಿ, ಎಲ್ಲೋ ಏನೋ ಒಂದು ಕೆಟ್ಟಿದೆ, ಅಷ್ಟೇ. ಕಮಿಷನಿಂಗ್‌ನಲ್ಲಿ ಆ ಧೈರ್ಯ ಇಲ್ಲ. ಆ ಮೋಟಾರ್ ಇಲ್ಲಿವರೆಗೆ ಓಡಿಯೇ ಇಲ್ಲ. ಕೇಬಲ್ ತಪ್ಪಿರಬಹುದು, ಫೆರೂಲ್ ನಂಬರ್ (ವೈರಿನ ತುದಿಗೆ ಹಾಕುವ ಗುರುತು) ತಪ್ಪಿರಬಹುದು, ಡ್ರಾಯಿಂಗೇ ತಪ್ಪಿರಬಹುದು. ಮೂರೂ ಒಟ್ಟಿಗೆ ತಪ್ಪಿರುವುದನ್ನೂ ನೋಡಿದ್ದೇನೆ. ಯಾವುದನ್ನೂ ನಂಬದೆ ಒಂದೊಂದನ್ನೇ ಪರೀಕ್ಷೆ ಮಾಡಿ ಸರಿ ಇದೆ ಅಂತ ತೋರಿಸುವುದೇ ನಮ್ಮ ಕೆಲಸ. ಸ್ವಿಚ್ ಒತ್ತುವುದು ಕೊನೆಯ ಒಂದು ಸೆಕೆಂಡ್ ಮಾತ್ರ.

ಎರೆಕ್ಷನ್‌ನವರು, ಅಂದರೆ ಪ್ಲಾಂಟ್ ಜೋಡಿಸುವ ತಂಡ, ಕೇಬಲ್ ಎಳೆದು, ಗ್ಲ್ಯಾಂಡ್ (ಕೇಬಲ್ ಪೆಟ್ಟಿಗೆಯೊಳಗೆ ಹೋಗುವಲ್ಲಿ ಬಿಗಿಯುವ ಬಿಡಿಭಾಗ) ಹಾಕಿ, ವೈರ್ ತುದಿಗಳನ್ನು ಕಟ್ಟಿ ಟರ್ಮಿನೇಷನ್ ಮುಗಿಸಿ ಕೊಡುತ್ತಾರೆ. ಅಲ್ಲಿಂದ ನಾವು ಶುರು. ಕೇಬಲ್‌ಗೂ ಮೋಟಾರಿಗೂ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆ), ರಿಲೇ (ದೋಷ ಬಂದರೆ ಕರೆಂಟ್ ಕಡಿಯಲು ಹೇಳುವ ಸಾಧನ) ಟೆಸ್ಟ್, ಇನ್‌ಸ್ಟ್ರುಮೆಂಟ್‌ಗಳಿಗೆ ಲೂಪ್ ಚೆಕ್, ಮೋಟಾರ್ ಸೋಲೊ ರನ್ (ಯಂತ್ರಕ್ಕೆ ಸೇರಿಸದೆ ಮೋಟಾರ್ ಒಂದನ್ನೇ ಓಡಿಸುವುದು), ಇಂಟರ್‌ಲಾಕ್ (ಷರತ್ತು ತಪ್ಪಿದರೆ ಯಂತ್ರ ತಾನೇ ನಿಲ್ಲುವ ಏರ್ಪಾಡು) ಪರೀಕ್ಷೆ, ಆಮೇಲೆ ನೀರು, ಬೆಂಕಿ, ಉಗಿ.

ಲೂಪ್ ಚೆಕ್ ಹೇಗಿರುತ್ತದೆ ಗೊತ್ತಾ? ಒಬ್ಬರು ಬಾಯ್ಲರ್ ಮೇಲೆ ಟ್ರಾನ್ಸ್‌ಮಿಟರ್ (ಒತ್ತಡ, ಲೆವೆಲ್‌ನಂಥ ಅಳತೆಯನ್ನು ಸಿಗ್ನಲ್ ಮಾಡಿ ಕಳಿಸುವ ಸಾಧನ) ಪಕ್ಕ, ಅದನ್ನು ಸೆಟ್ ಮಾಡುವ ಹಾರ್ಟ್ ಕಮ್ಯುನಿಕೇಟರ್ ಹಿಡಿದು ನಿಂತಿರುತ್ತಾರೆ. ಇನ್ನೊಬ್ಬರು ಕಂಟ್ರೋಲ್ ರೂಮಿನ ಸ್ಕ್ರೀನ್ ಮುಂದೆ. ನಡುವೆ ವಾಕಿಟಾಕಿ. ಮೇಲಿನವರು 4 ಮಿಲಿಆಂಪ್ ಕೊಟ್ಟರೆ ಕೆಳಗೆ ಸೊನ್ನೆ ಕಾಣಬೇಕು. 8ಕ್ಕೆ 25 ಪರ್ಸೆಂಟ್, 12ಕ್ಕೆ 50, 16ಕ್ಕೆ 75, 20ಕ್ಕೆ ನೂರು. ಆಮೇಲೆ ಒಂದು ವೈರ್ ಬಿಚ್ಚಿ ಅಲಾರಂ ಬರುತ್ತದಾ ಅಂತ ನೋಡುತ್ತಾರೆ. ಇದೇ ಸಂಭಾಷಣೆ ದಿನವಿಡೀ, ತಿಂಗಳುಗಟ್ಟಲೆ. ಬೇಸರ ಆಗುತ್ತದೆ. ಸುಳ್ಳು ಹೇಳುವುದಿಲ್ಲ.

ಆದರೆ ಮಜಾ ಇರುವುದು ಇದರ ಆಚೆ. ಒಂದು ಕೊಜೆನ್ (ಉಗಿ, ವಿದ್ಯುತ್ ಎರಡೂ ತಯಾರಿಸುವ ಪ್ಲಾಂಟ್) ಬಾಯ್ಲರ್‌ನಲ್ಲಿ ಡ್ರಮ್ (ನೀರು, ಉಗಿ ಇರುವ ದೊಡ್ಡ ಪಾತ್ರೆ) ಲೆವೆಲ್‌ಗೆ ಮೂರು ಟ್ರಾನ್ಸ್‌ಮಿಟರ್ ಇದ್ದವು. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಅದನ್ನು ನಂಬುವ ಲಾಜಿಕ್. ಮೂರೂ ಲೂಪ್ ಚೆಕ್ ಪಾಸಾಗಿ ಸಹಿಯೂ ಬಿದ್ದಿತ್ತು. ಡ್ರಮ್ಮಿಗೆ ನೀರು ತುಂಬಲು ಶುರು ಮಾಡಿದೆವು. ಸ್ಕ್ರೀನ್ ಮೇಲೆ ಲೆವೆಲ್ ಇಳಿಯುತ್ತಾ ಹೋಯಿತು. ಆಪರೇಟರ್ ಇನ್ನೂ ನೀರು ಬಿಟ್ಟ. ಇನ್ನೂ ಇಳಿಯಿತು. ಮೇಲೆ, ಡ್ರಮ್ಮಿನ ನೀರು ಕಣ್ಣಿಗೆ ಕಾಣುವ ಗೇಜ್ ಗ್ಲಾಸ್ ಹತ್ತಿರ ನಿಂತಿದ್ದ ಹುಡುಗ ವಾಕಿಟಾಕಿಯಲ್ಲಿ ಕೂಗಿಕೊಂಡ: ‘ಸಾರ್, ಗ್ಲಾಸ್ ತುಂಬಿ ಹೋಗೈತಿ, ನಿಲ್ಲಿಸ್ರಿ!’

ಆಗಿದ್ದು ಇಷ್ಟು. ಡ್ರಮ್ ಲೆವೆಲ್ ಅಳೆಯುವಾಗ ಟ್ರಾನ್ಸ್‌ಮಿಟರ್‌ನ ಒಂದು ಕಡೆ ಯಾವಾಗಲೂ ನೀರು ತುಂಬಿದ ಪೈಪ್ ಇರುತ್ತದೆ. ಇನ್ನೊಂದು ಕಡೆ ಡ್ರಮ್ಮಿನ ನೀರು. ಡ್ರಮ್ಮಿನಲ್ಲಿ ನೀರು ಕಮ್ಮಿ ಆದಷ್ಟೂ ಎರಡರ ನಡುವಿನ ಒತ್ತಡದ ವ್ಯತ್ಯಾಸ ಜಾಸ್ತಿ. ಹಾಗಾಗಿ ರೇಂಜನ್ನು ಉಲ್ಟಾ ಕೊಡಬೇಕು, ಅಂದರೆ ವ್ಯತ್ಯಾಸ ಜಾಸ್ತಿ ಆದರೆ ಲೆವೆಲ್ ಕಮ್ಮಿ ತೋರಿಸುವ ಹಾಗೆ. ಟೆಕ್ನಿಷಿಯನ್ ಮಾಮೂಲಿ ಟ್ಯಾಂಕಿಗೆ ಕೊಡುವ ಹಾಗೆ ನೇರ ಕೊಟ್ಟಿದ್ದ. ಮೂರನ್ನೂ ಮಾಡಿದ್ದು ಅವನೇ, ಒಂದೇ ಶೀಟ್ ನೋಡಿಕೊಂಡು. ಹಾಗಾಗಿ ಮೂರೂ ಒಮ್ಮತದಿಂದ ತಪ್ಪು ಹೇಳುತ್ತಿದ್ದವು! ಲೂಪ್ ಚೆಕ್‌ನಲ್ಲಿ ನಾವು ಪರೀಕ್ಷೆ ಮಾಡಿದ್ದು ಮಿಲಿಆಂಪನ್ನು. ನೀರನ್ನು ಅಲ್ಲ.

ಬೆಂಕಿ ಹಚ್ಚಿದ ಮೇಲೆ ಇದೇ ತಪ್ಪು ಬಯಲಾಗಿದ್ದರೆ? ನೀರು ಖಾಲಿಯಾಗುತ್ತಿದ್ದರೂ ಸ್ಕ್ರೀನ್ ತುಂಬಿದೆ ಅನ್ನುತ್ತಿತ್ತು. ನೀವು ಸಕ್ಕರೆ ಕಾರ್ಖಾನೆಯವರು, ನೀರಿಲ್ಲದೆ ಕಾದ ಬಾಯ್ಲರ್ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇಂಥದ್ದು ಇಷ್ಟವಾದರೆ ಬನ್ನಿ. ನಿಮ್ಮ ಎರಡು ವರ್ಷ ದಂಡ ಅಲ್ಲ. ಓಡುವ ಪ್ಲಾಂಟ್ ಹೇಗಿರುತ್ತದೆ ಅಂತ ನೋಡಿದವರು ಕಮಿಷನಿಂಗ್‌ನಲ್ಲಿ ಬೇಗ ಕಲಿಯುತ್ತಾರೆ. ಒಂದು ಮಾತ್ರ ನೆನಪಿರಲಿ. ಪ್ಲಾಂಟ್ ಓಡಲು ಶುರುವಾದ ದಿನ ನಿಮ್ಮ ಕೆಲಸ ಮುಗಿಯಿತು. ಎಲ್ಲರೂ ಪೇಡೆ ಹಂಚುವಾಗ ನೀವು ಬ್ಯಾಗ್ ತುಂಬುತ್ತಿರುತ್ತೀರಿ.

ಪ್ರಶ್ನೆ: ಬಿಇ ಮುಗಿದಿದೆ. ಬೆಂಗಳೂರಿನಲ್ಲಿ ಮೂರು ತಿಂಗಳ ಪಿಎಲ್‌ಸಿ, ಸ್ಕಾಡಾ (ಯಂತ್ರ ನಡೆಸುವ ಕಂಪ್ಯೂಟರ್, ಅದನ್ನು ಗಮನಿಸುವ ಸ್ಕ್ರೀನ್) ಕೋರ್ಸಿಗೆ 80 ಸಾವಿರ ಕೇಳುತ್ತಿದ್ದಾರೆ. ಮಾಡಿದರೆ ಕಮಿಷನಿಂಗ್ ಕೆಲಸ ಸಿಗುತ್ತದಾ?
ಹಾಸನದ ಓದುಗ

ಉತ್ತರ: ಈಗ ಬೇಡ. ಒಂದು ವರ್ಷ ಸೈಟ್ ನೋಡಿದ ಮೇಲೂ ಬೇಕು ಅನ್ನಿಸಿದರೆ ಮಾಡಿ.

ಕಾರಣ ಇದೆ. ದೊಡ್ಡ ಪ್ಲಾಂಟ್‌ನಲ್ಲಿ ಲಾಜಿಕ್ (ಯಾವ ಯಂತ್ರ ಯಾವಾಗ ಓಡಬೇಕು ಅನ್ನುವ ಪ್ರೋಗ್ರಾಂ) ಬರೆಯುವವರು ಸಾಮಾನ್ಯವಾಗಿ ಕಂಟ್ರೋಲ್ ಸಿಸ್ಟಂ ಕೊಟ್ಟ ಕಂಪನಿಯವರು. ನಮಗೆ ಅದನ್ನು ಓದಲು ಬರಬೇಕು. ಪಂಪ್ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಸ್ಕ್ರೀನಿನಲ್ಲಿ ಯಾವ ಷರತ್ತು ಕೆಂಪಗಿದೆ ನೋಡಿ, ಆ ಸಿಗ್ನಲ್ ಹಿಂದೆಯೇ ನಡೆದು ಹೋಗಬೇಕು. ಮಾರ್ಷಲಿಂಗ್ ಪ್ಯಾನೆಲ್ (ಎಲ್ಲ ವೈರ್ ಬಂದು ಸೇರುವ ಪೆಟ್ಟಿಗೆ), ಜಂಕ್ಷನ್ ಬಾಕ್ಸ್, ಕೊನೆಗೆ ಧೂಳಿನಲ್ಲಿ ಕೂತ ಒಂದು ಲಿಮಿಟ್ ಸ್ವಿಚ್ (ಯಂತ್ರದ ಭಾಗ ತನ್ನ ಜಾಗ ತಲುಪಿತು ಅಂತ ಹೇಳುವ ಸ್ವಿಚ್). ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪು ಸಿಗುವುದು ಅಲ್ಲೇ, ಲಾಜಿಕ್‌ನಲ್ಲಿ ಅಲ್ಲ.

ನಾನು ಇಂಟರ್‌ವ್ಯೂ ಮಾಡುವಾಗ ಸರ್ಟಿಫಿಕೇಟ್ ತೆರೆದು ನೋಡುವುದೂ ಕಮ್ಮಿ. ಒಂದು ಹಾಳೆ ಕೊಟ್ಟು ಲೋಕಲ್, ರಿಮೋಟ್ ಎರಡೂ ಇರುವ ಮೋಟಾರ್ ಸ್ಟಾರ್ಟರ್ ಸರ್ಕ್ಯೂಟ್ ಬರೆಯಿರಿ ಅನ್ನುತ್ತೇನೆ. ಬರೆದ ಮೇಲೆ ಒಂದೇ ಪ್ರಶ್ನೆ. ಎಮರ್ಜೆನ್ಸಿ ಸ್ಟಾಪ್‌ಗೆ ಎನ್‌ಸಿ (ಮಾಮೂಲಿಯಾಗಿ ಮುಚ್ಚಿರುವ, ಕರೆಂಟ್ ಹರಿಯುವ) ಕಾಂಟ್ಯಾಕ್ಟ್ ಯಾಕೆ? ‘ಬುಕ್ಕಿನಲ್ಲಿ ಹಾಗೇ ಇದೆ’ ಅನ್ನುವವರೇ ಜಾಸ್ತಿ. ‘ವೈರ್ ಕಟ್ ಆದರೂ ಮೋಟಾರ್ ನಿಲ್ಲಬೇಕು, ಅದಕ್ಕೆ’ ಅಂದವರನ್ನು ಅಲ್ಲೇ ಆರಿಸಿಕೊಂಡಿದ್ದೇನೆ.

80 ಸಾವಿರದ ಬದಲು ಅಪ್ರೆಂಟಿಸ್‌ಶಿಪ್‌ಗೆ ಪ್ರಯತ್ನಿಸಿ. ಬಿಇ, ಡಿಪ್ಲೊಮಾ ಆದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯಲ್ಲಿ ಒಂದು ವರ್ಷದ ತರಬೇತಿ ಇದೆ. ಸ್ಟೈಪೆಂಡ್ ಸ್ವಲ್ಪವೇ, ಆದರೆ ಪ್ಲಾಂಟಿನ ಒಳಗೆ ಕಾಲಿಡುತ್ತೀರಿ. ಮನೆಯಲ್ಲಿ ಲಾಜಿಕ್ ಕಲಿಯಲು ಕೋಡೆಸಿಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಇಲ್ಲ, ನನಗೆ ಲಾಜಿಕ್ ಬರೆಯುವುದೇ ಇಷ್ಟ ಅನ್ನುವುದಾದರೆ ಅದು ಬೇರೆ ದಾರಿ. ಎಬಿಬಿ, ಯೊಕೊಗಾವಾದಂಥ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ವರ್ಷದ ಹೆಚ್ಚು ದಿನ ಆಫೀಸು, ಆಗಾಗ ಸೈಟ್. ಬದುಕು ಸ್ವಲ್ಪ ಮೆತ್ತಗಿರುತ್ತದೆ.

ಪ್ರಶ್ನೆ: ಐಟಿಐ ಎಲೆಕ್ಟ್ರಿಷಿಯನ್. ನಾಲ್ಕು ವರ್ಷ ಎಂಸಿಸಿ (ಮೋಟಾರ್‌ಗಳಿಗೆ ಕರೆಂಟ್ ಕೊಡುವ) ಪ್ಯಾನೆಲ್, ಕೇಬಲ್ ಕೆಲಸ ಮಾಡಿದ್ದೇನೆ. ಇನ್‌ಸ್ಟ್ರುಮೆಂಟೇಷನ್‌ಗೆ ಬೆಲೆ ಜಾಸ್ತಿ ಅಂತಾರೆ. ಆ ಕಡೆ ಹೋಗಲಾ?
ತೋರಣಗಲ್ಲಿನಿಂದ ಒಬ್ಬರು

ಉತ್ತರ: ಕಲಿಯಿರಿ, ಆದರೆ ಎಲೆಕ್ಟ್ರಿಕಲ್ ಬಿಡಬೇಡಿ. ಟ್ರಾನ್ಸ್‌ಮಿಟರ್ ಕ್ಯಾಲಿಬ್ರೇಷನ್ ಗೊತ್ತಿರುವವರು ಬಹಳ ಜನ ಸಿಗುತ್ತಾರೆ. ರಿಲೇ ಟೆಸ್ಟ್ ಮಾಡಿ, ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಪೊಲಾರಿಟಿ ನೋಡಿ, 11 ಕೆವಿ ಅಥವಾ 33 ಕೆವಿ ಬೋರ್ಡ್ ಚಾರ್ಜ್ ಮಾಡುವಾಗ, ಅಂದರೆ ಅದಕ್ಕೆ ಕರೆಂಟ್ ಕೊಡುವಾಗ, ಕೈ ನಡುಗದೆ ನಿಲ್ಲುವವರು ಕಮ್ಮಿ. ಪ್ರೊಟೆಕ್ಷನ್ ಟೆಸ್ಟಿಂಗ್ ತಂಡದಲ್ಲಿ ಹೆಲ್ಪರ್ ಆಗಿಯಾದರೂ ಸೇರಿಕೊಳ್ಳಿ.

ಹಾಗೇ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಮಾಡಿಸಿಕೊಳ್ಳಿ. ಮೊದಲು ವೈರ್‌ಮನ್, ಮುಂದೆ ಅರ್ಹತೆ ಬಂದಾಗ ಸೂಪರ್‌ವೈಸರ್. ಹೈಟೆನ್ಷನ್ ಸ್ಥಾವರಕ್ಕೆ ಕರೆಂಟ್ ಕೊಡುವ ಮುಂಚೆ ಇನ್‌ಸ್ಪೆಕ್ಟರ್ ಒಪ್ಪಿಗೆ ಬೇಕು. ಟೆಸ್ಟ್ ರಿಪೋರ್ಟ್, ಅರ್ಥಿಂಗ್ ರೀಡಿಂಗ್ ಎಲ್ಲ ಸರಿಯಾಗಿ ಜೋಡಿಸಿ ಆ ಫೈಲ್ ಸಿದ್ಧ ಮಾಡಲು ಬರುವ ಮನುಷ್ಯನನ್ನು ಯಾವ ಕಂಟ್ರಾಕ್ಟರೂ ಬಿಡುವುದಿಲ್ಲ.

ಕಾಗದದ ಮಾತು ಬಂತು, ನನ್ನದೇ ಒಂದು ಹೇಳುತ್ತೇನೆ. ಆಗ ನನಗೆ 24. ಸಿಮೆಂಟ್ ಪ್ಲಾಂಟಿನ ಕಲ್ಲಿದ್ದಲು ಕನ್ವೇಯರ್. ಕಪ್ಲಿಂಗ್ (ಮೋಟಾರನ್ನು ಯಂತ್ರಕ್ಕೆ ಸೇರಿಸುವ ಜೋಡಣೆ) ಬಿಚ್ಚಿ ಮೋಟಾರ್ ಸೋಲೊ ರನ್ ಮಾಡಿದೆ. ದಿಕ್ಕು ಸರಿ ಇತ್ತು. ಸಹಿ ಹಾಕಿ ಮಲಗಲು ಹೋದೆ. ರಾತ್ರಿ ಯಾರೋ ಗ್ಲ್ಯಾಂಡ್ ಬದಲಿಸಲು ಕೇಬಲ್ ಬಿಚ್ಚಿ, ಮತ್ತೆ ಕಟ್ಟುವಾಗ ಎರಡು ಫೇಸ್ ಅದಲುಬದಲು ಮಾಡಿದ್ದರು. ಬೆಳಿಗ್ಗೆ ಕಪ್ಲಿಂಗ್ ಹಾಕಿ ಸ್ಟಾರ್ಟ್ ಕೊಟ್ಟೆವು. ಬೆಲ್ಟ್ ಹಿಂದಕ್ಕೆ ಜಾರದಿರಲಿ ಅಂತ ಗೇರ್‌ಬಾಕ್ಸ್‌ನಲ್ಲಿ ಹೋಲ್ಡ್‌ಬ್ಯಾಕ್ ಇರುತ್ತದೆ. ಉಲ್ಟಾ ತಿರುಗಲು ಹೋದ ಮೋಟಾರ್ ಅದನ್ನು ಒಡೆದು ಹಾಕಿತು. ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಕೇಬಲ್ ಬಿಚ್ಚಿದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಶೀಟಿನಲ್ಲಿದ್ದ ಸಹಿ ಮಾತ್ರ ನನ್ನದು. ಅವತ್ತಿನಿಂದ ಟೆಸ್ಟ್ ಆದ ಪ್ರತಿ ಟರ್ಮಿನಲ್ ಬಾಕ್ಸಿಗೂ ತಾರೀಕು ಬರೆದ ಸ್ಟಿಕ್ಕರ್ ಅಂಟಿಸುತ್ತೇನೆ. ಸ್ಟಿಕ್ಕರ್ ಹರಿದಿದ್ದರೆ ಟೆಸ್ಟ್ ಮತ್ತೆ ಮೊದಲಿಂದ.

ಪ್ರಶ್ನೆ: ನನ್ನ ಮಗಳು ಇನ್‌ಸ್ಟ್ರುಮೆಂಟೇಷನ್ ಓದಿದ್ದಾಳೆ. ರಾಯಚೂರಿನ ಕಡೆ ಸೈಟ್ ಕೆಲಸ ಸಿಕ್ಕಿದೆ, ಹೋಗುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವಾ?
ಶಿವಮೊಗ್ಗದಿಂದ ಒಬ್ಬ ತಂದೆ

ಉತ್ತರ: ಕೆಲಸ ಆಗುತ್ತದೆ. ತೊಂದರೆ ಇರುವುದು ಸೈಟಿನ ವ್ಯವಸ್ಥೆಯಲ್ಲಿ. ಅದನ್ನು ನೇರವಾಗಿ ಕೇಳಿಸಿ. ಉಳಿಯುವುದು ಎಲ್ಲಿ, ಒಬ್ಬಳೇನಾ? ರಾತ್ರಿ ಟ್ರಯಲ್ ಇದ್ದರೆ ವಾಪಸ್ ಬರಲು ಗಾಡಿ ಯಾರದು? ಕೆಲಸದ ಜಾಗದಿಂದ ಟಾಯ್ಲೆಟ್ ಎಷ್ಟು ದೂರ? ಈ ಕೊನೆಯ ಪ್ರಶ್ನೆ ಕೇಳಲು ಹುಡುಗಿಯರು ಸಂಕೋಚ ಪಡುತ್ತಾರೆ. ಬಾಯ್ಲರ್ ಕಟ್ಟಡದ ಮೇಲೆ ದಿನವಿಡೀ ನಿಂತವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಕಂಪನಿಯ ಮುಖ ಹೇಗಾಗುತ್ತದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ‘ನೀನು ಆಫೀಸಿನಲ್ಲಿ ಕೂತು ಡಾಕ್ಯುಮೆಂಟ್ ನೋಡಿಕೋ ಅಮ್ಮಾ’ ಅಂತ ಪ್ರೀತಿಯಿಂದಲೇ ಮೂಲೆಗೆ ಕೂರಿಸುತ್ತಾರೆ. ಒಂದು ವರ್ಷ ಹಾಗೆ ಕಳೆದರೆ ಕಲಿಯುವ ವಯಸ್ಸು ಹೋಯಿತು. ಫೀಲ್ಡಿಗೆ ಕಳಿಸಿ ಅಂತ ಮೊದಲ ವಾರವೇ ಕೇಳಲು ಹೇಳಿ. ನನ್ನ ತಂಡದಲ್ಲಿದ್ದ ಅತಿ ಚುರುಕಿನ ಲೂಪ್ ಚೆಕ್ ಇಂಜಿನಿಯರ್ ಒಬ್ಬ ಹುಡುಗಿ. ಅವಳ ಪಂಚ್ ಲಿಸ್ಟ್ (ಸರಿಪಡಿಸಬೇಕಾದ ತಪ್ಪುಗಳ ಪಟ್ಟಿ) ನೋಡಿದರೆ ಎರೆಕ್ಷನ್‌ನವರಿಗೆ ಜ್ವರ ಬರುತ್ತಿತ್ತು. ನೀವು ಒಂದು ಸಲ ಜೊತೆಗೆ ಹೋಗಿ ಜಾಗ ನೋಡಿಕೊಂಡು ಬನ್ನಿ. ಅವಳಿಗಲ್ಲದಿದ್ದರೂ ನಿಮಗೆ ನಿದ್ದೆ ಬರುತ್ತದೆ.

ಪ್ರಶ್ನೆ: ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಐಟಿಐ, ಆರು ವರ್ಷ ಅನುಭವ. ಸೌದಿಯಲ್ಲಿ ಕಮಿಷನಿಂಗ್ ಟೆಕ್ನಿಷಿಯನ್ ಕೆಲಸ ಇದೆ ಅಂತ ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸೋಣ ಅನ್ನುತ್ತಾನೆ. ಕೊಡಲಾ?
ಭಟ್ಕಳದ ಓದುಗ

ಉತ್ತರ: ಕೊಡಬೇಡಿ. ನೋಂದಾಯಿತ ಏಜೆಂಟ್ ಕಾನೂನು ಪ್ರಕಾರ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವಂತಿಲ್ಲ. ಅದಕ್ಕೂ ರಸೀದಿ ಕೊಡಬೇಕು. ವಿಸಿಟ್ ವೀಸಾದ ಮಾತು ಬಂದ ತಕ್ಷಣ ಎದ್ದು ಬನ್ನಿ. ಅಲ್ಲಿ ಸಂಬಳ ನಿಂತರೆ ನಿಮ್ಮ ಕೈಯಲ್ಲಿ ಕೆಲಸದ ಕಾಗದವೇ ಇರುವುದಿಲ್ಲ, ದೂರು ಕೊಡುವುದಾದರೂ ಹೇಗೆ?

ಆರು ವರ್ಷದ ಅನುಭವಕ್ಕೆ ಗಲ್ಫ್‌ನಲ್ಲಿ ನಿಜವಾಗಿಯೂ ಬೆಲೆ ಇದೆ. ನ್ಯಾಯವಾದ ದಾರಿಯಲ್ಲಿ ಹೋದರೆ ಟ್ರೇಡ್ ಟೆಸ್ಟ್ ಇರುತ್ತದೆ. ಅದಕ್ಕೆ ತಯಾರಾಗಿ. ಮೂರು ವಾಲ್ವಿನ ಮ್ಯಾನಿಫೋಲ್ಡ್ (ಟ್ರಾನ್ಸ್‌ಮಿಟರ್‌ಗೆ ಒತ್ತಡ ಬಿಡುವ, ತಡೆಯುವ ಜೋಡಣೆ) ಮುಂದಿಟ್ಟು ಟ್ರಾನ್ಸ್‌ಮಿಟರನ್ನು ಸರ್ವಿಸ್‌ನಿಂದ ತೆಗೆಯಿರಿ ಅನ್ನಬಹುದು. ಯಾವ ವಾಲ್ವ್ ಮೊದಲು ಮುಟ್ಟುತ್ತೀರಿ ಅನ್ನುವುದರಲ್ಲೇ ನಿಮ್ಮ ಆರು ವರ್ಷ ಗೊತ್ತಾಗುತ್ತದೆ. ಪಿಟಿ100 ಆರ್‌ಟಿಡಿ (ತಾಪಮಾನ ಅಳೆಯುವ ಸೆನ್ಸರ್) ಸೊನ್ನೆ ಡಿಗ್ರಿಗೆ ಎಷ್ಟು ಓಮ್, 100 ಡಿಗ್ರಿಗೆ ಎಷ್ಟು ಅಂತ ಕೇಳಬಹುದು. 100 ಮತ್ತು 138.5, ನಿದ್ದೆಯಲ್ಲಿ ಕೇಳಿದರೂ ಬರಬೇಕು. ತೈಲ ಮತ್ತು ಗ್ಯಾಸ್ ಪ್ಲಾಂಟ್ ಆದರೆ ಸ್ಫೋಟದ ಅಪಾಯವಿರುವ ಜಾಗಗಳ ಝೋನ್ 0, 1, 2, ಅಲ್ಲಿ ಹಾಕುವ ಗ್ಲ್ಯಾಂಡ್ ಇವೆಲ್ಲ ತಿಳಿದಿರಬೇಕು. ಅದಕ್ಕೆ ಕಾಂಪೆಕ್ಸ್ ಅನ್ನುವ ಸರ್ಟಿಫಿಕೇಟ್ ಇದೆ, ದುಬಾರಿ. ಅಂಥ ಜಾಗದಲ್ಲಿ ಕೆಲಸ ಮಾಡಿದ ಅನುಭವ ಇದ್ದರೆ ಮಾತ್ರ ದುಡ್ಡು ಹಾಕಿ.

ಕಾಂಟ್ರಾಕ್ಟ್ ಕೈಗೆ ಬಂದಾಗ ಮೂಲ ಸಂಬಳ, ಓವರ್‌ಟೈಂ ದರ, ಊಟ, ವಸತಿ, ವಾಪಸ್ ಟಿಕೆಟ್ ಬೇರೆ ಬೇರೆ ಸಾಲಿನಲ್ಲಿ ಬರೆದಿದೆಯಾ ನೋಡಿ. ‘ಎಲ್ಲಾ ಸೇರಿ ಇಷ್ಟು’ ಅಂದರೆ ಸಹಿ ಬೇಡ. ಅದಕ್ಕೂ ಮುಂಚೆ ಏಜೆಂಟಿನ ಪರವಾನಗಿ ನಂಬರ್ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ನಂಬರ್ ಕೊಡಲು ತಡವರಿಸಿದರೆ ಹುಡುಕುವ ಶ್ರಮವೂ ಬೇಡ.