ಗಾಡಿಯೇ ಮನೆಯಾದರೆ ಯಾವ ಸಿಮ್ ಹಾಕಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೇ. ಹಾಸನದ ಮನೆ ಬಾಡಿಗೆಗೆ ಕೊಟ್ಟು, ಹಳೇ ಟೆಂಪೋ ಟ್ರಾವೆಲರ್ ಒಳಗೆ ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿಕೊಂಡು ಎಂಟು ತಿಂಗಳಿಂದ ಅದರಲ್ಲೇ ಇದ್ದೇವೆ. ಸಕಲೇಶಪುರ, ಮೂಡಿಗೆರೆ, ಕಳಸ, ಶೃಂಗೇರಿ ಅಂತ ಹೆಚ್ಚಾಗಿ ಮಲೆನಾಡಲ್ಲೇ ಸುತ್ತಾಟ. ನಾನು ದಿನಕ್ಕೆ ಎರಡು ಗಂಟೆ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ಯಜಮಾನರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ಇಬ್ಬರದೂ ಒಂದೇ ಕಂಪನಿ ಸಿಮ್. ಕರೆನ್ಸಿ ಹಾಕಿಸಿದ್ದಕ್ಕೆ ಲೆಕ್ಕವಿಲ್ಲ, ಆದರೂ ಪಾಠದ ಮಧ್ಯೆ ನೆಟ್ ಸುತ್ತುತ್ತಾ ಕೂರುತ್ತದೆ. ಕಡಿಮೆ ಖರ್ಚಲ್ಲಿ ಚೆನ್ನಾಗಿ ಬರುವ ನೆಟ್ ಯಾವುದು ಸರ್? ಬರುವ ವರ್ಷ ಲಡಾಖ್‌ಗೂ ಹೋಗುವ ಆಸೆ ಇದೆ.
- ಓದುಗರು, ಹಾಸನ

ಉತ್ತರ: ಇಬ್ಬರದೂ ಒಂದೇ ಕಂಪನಿ ಸಿಮ್ ಅಂದಿರಲ್ಲ ಮೇಡಂ, ತೊಂದರೆ ಅಲ್ಲೇ ಇದೆ. ಒಂದು ಟವರ್ ಕೈಕೊಟ್ಟರೆ ನಿಮ್ಮ ಪಾಠವೂ ಹೋಯಿತು, ಅವರ ಲೆಕ್ಕವೂ ಹೋಯಿತು. ಎರಡು ಕರೆನ್ಸಿ ದುಡ್ಡು ಕೊಟ್ಟು ಒಂದು ಟವರ್ ನಂಬಿಕೊಂಡ ಹಾಗಾಯಿತು.

ಹಾಗಂತ ಬೇರೆ ಬೇರೆ ಕಂಪನಿ ಸಿಮ್ ಇದ್ದುಬಿಟ್ಟರೆ ಸಾಕು ಅಂತಲೂ ಅಲ್ಲ. ನಾನೇ ಒಮ್ಮೆ ಏಮಾರಿದ್ದೇನೆ. ಆಷಾಢದ ಮಳೆಯಲ್ಲಿ ಸ್ನೇಹಿತರ ವ್ಯಾನ್‌ನಲ್ಲಿ ಕೊಟ್ಟಿಗೆಹಾರದ ಹತ್ತಿರ ರಾತ್ರಿ ನಿಂತಿದ್ದೆವು. ನನ್ನ ಫೋನಲ್ಲಿ ಎರಡು ಕಂಪನಿ ಸಿಮ್, ಧೈರ್ಯವಾಗಿದ್ದೆ. ಸಂಜೆ ಕರೆಂಟ್ ಹೋಯಿತು. ಊಟ ಮುಗಿಸುವವರೆಗೂ ನೆಟ್ ಇತ್ತು. ಆಮೇಲೆ ಎರಡೂ ಸಿಮ್ ಐದು ನಿಮಿಷದ ಅಂತರದಲ್ಲಿ ಸತ್ತವು. ಬೆಳಿಗ್ಗೆ ಮಂಜು ಸರಿದ ಮೇಲೆ ನೋಡಿದರೆ ಗುಡ್ಡದ ಮೇಲೆ ಇದ್ದದ್ದೇ ಒಂದು ಕಂಬ. ಎರಡೂ ಕಂಪನಿಯ ಆಂಟೆನಾ ಅದಕ್ಕೇ ಕಟ್ಟಿದ್ದರು. ಬ್ಯಾಟರಿ ಖಾಲಿ, ಜನರೇಟರ್‌ಗೆ ಡೀಸೆಲ್ ಇಲ್ಲ. ನಮ್ಮ ಡ್ರೈವರ್ ಜೇಬಲ್ಲಿದ್ದ ಡಬ್ಬಾ ಫೋನಿನಲ್ಲಿ ಮಾತ್ರ ಟವರ್ ಇತ್ತು, ಅದು ಮೂರನೇ ಕಂಪನಿಯದು. ಬೆಳಿಗ್ಗೆ ಮನೆಗೆ ಫೋನ್ ಮಾಡಿದ್ದು ಅದರಲ್ಲೇ.

ಕಂಬ ನೆಟ್ಟು ಹಲವು ಕಂಪನಿಗಳಿಗೆ ಬಾಡಿಗೆ ಕೊಡುವುದೇ ಇಂಡಸ್ ಟವರ್ಸ್‌ನಂಥವರ ವ್ಯಾಪಾರ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ನಿಮ್ಮ ಎರಡನೇ ಸಿಮ್ ಬೇರೆ ಕಂಬದ್ದಾಗಿರಬೇಕು. ಬಿಎಸ್‌ಎನ್‌ಎಲ್ ಹೆಚ್ಚಾಗಿ ತನ್ನದೇ ಟವರ್ ಇಟ್ಟುಕೊಂಡಿದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಜಿಯೋ ಅಥವಾ ಏರ್‌ಟೆಲ್‌ನಲ್ಲಿ ಯಾವುದು ನಿಮ್ಮ ದಾರಿಯಲ್ಲಿ ಜಾಸ್ತಿ ಸಿಗುತ್ತದೋ ಅದು ಒಂದು, ಜೊತೆಗೆ ಬಿಎಸ್‌ಎನ್‌ಎಲ್ ಒಂದು. ಯಜಮಾನರ ಫೋನಲ್ಲಿ ಜಿಯೋ, ಏರ್‌ಟೆಲ್ ಪೈಕಿ ಉಳಿದದ್ದು ಇರಲಿ. ಹೊಸ ಸಿಮ್‌ಗೆ ಹೆದರಬೇಡಿ, ಒಬ್ಬರ ಹೆಸರಲ್ಲಿ 9 ಸಂಪರ್ಕದವರೆಗೆ ಅವಕಾಶವಿದೆ. ನಿಮ್ಮ ಹೆಸರಲ್ಲಿ ಈಗಾಗಲೇ ಎಷ್ಟಿವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಬಹುದು.

ಬಿಎಸ್‌ಎನ್‌ಎಲ್ ಅಂದ ಕೂಡಲೇ ನಗಬೇಡಿ. ದೇಶದಲ್ಲೇ ತಯಾರಿಸಿದ ಸಲಕರಣೆಯ ಅದರ 4ಜಿ ಸೇವೆ 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಶುರುವಾಯಿತು. ಅದು ಬಳಸುವ ತರಂಗಗಳಲ್ಲಿ 700 ಮೆಗಾಹರ್ಟ್ಸ್ ಕೂಡ ಇದೆ. ತರಂಗದ ಸಂಖ್ಯೆ ಕಡಿಮೆಯಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಮರ ಗಿಡ ದಾಟುತ್ತದೆ. ಜಿಯೋದ 850 ಕೂಡ ಹಾಗೇ. 2300, 3500ರ ತರಂಗಗಳು ವೇಗದಲ್ಲಿ ಗಟ್ಟಿ, ಆದರೆ ಕಾಫಿ ತೋಟದೊಳಗೆ ನಾಲ್ಕು ಸಾಲು ಸಿಲ್ವರ್ ಓಕ್ ದಾಟುವಷ್ಟರಲ್ಲಿ ಸುಸ್ತಾಗುತ್ತವೆ. ಒಂದೇ ಎಚ್ಚರ: ನಿಮ್ಮ ಫೋನಿಗೆ ಬ್ಯಾಂಡ್ 28 ಇದೆಯಾ ನೋಡಿಕೊಳ್ಳಿ. 700 ಅಂದರೆ ಅದೇ. ಹಳೇ ಸೆಟ್ಟುಗಳಲ್ಲಿ ಕೆಲವಕ್ಕೆ ಇರುವುದಿಲ್ಲ, ಆಗ ಸುಮ್ನೆ ಕಂಪನಿಯನ್ನು ಬೈಯಬೇಕಾಗುತ್ತದೆ.

ಈಗ ದುಡ್ಡಿನ ವಿಷಯ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ಎಲ್ಲರೂ ಪ್ಲಾನ್ ಪಟ್ಟಿ ಹಿಡಿದು ಕೂತಿದ್ದಾರೆ. ಪಟ್ಟಿ ಆಗಾಗ ಬದಲಾಗುತ್ತಲೇ ಇರುತ್ತದೆ. ಲೆಕ್ಕ ಹಾಕುವ ರೀತಿ ಗೊತ್ತಿದ್ದರೆ ಸಾಕು. 28 ದಿನದ ಪ್ಲಾನ್ ಅಂದರೆ ತಿಂಗಳಲ್ಲ. ವರ್ಷಕ್ಕೆ 13 ಸಲ ಹಾಕಿಸಬೇಕು. ಪ್ಲಾನ್ ಬೆಲೆಯನ್ನು ದಿನಕ್ಕೆ ಭಾಗಿಸಿ ನೋಡಿ, ಆಗ ನಿಜ ಗೊತ್ತಾಗುತ್ತದೆ. 365 ದಿನದ್ದು ದಿನದ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಆದರೆ ನಿಮ್ಮಂಥ ಅಲೆಮಾರಿಗಳು ಮೊದಲ ದಿನವೇ ಅದಕ್ಕೆ ಕೈ ಹಾಕಬಾರದು. ಎರಡು ತಿಂಗಳು 28 ದಿನದ್ದೇ ಹಾಕಿಸಿ, ನಿಮ್ಮ ಮಾಮೂಲಿ ಜಾಗಗಳಲ್ಲೆಲ್ಲ ನಿಂತು ನೋಡಿ, ಆಮೇಲೆ ಗೆದ್ದ ಸಿಮ್‌ಗೆ ವರ್ಷದ್ದು ಹಾಕಿಸಿ. ವರ್ಷದ ದುಡ್ಡು ಕಟ್ಟಿ ನಡುವೆ ಪೋರ್ಟ್ ಆದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರೆ, ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ. ಒಂದು ಸಲ ಪೋರ್ಟ್ ಆದ ನಂಬರ್ 90 ದಿನ ಅಲ್ಲೇ ಇರಬೇಕು, ಅದೂ ನೆನಪಿರಲಿ.

ನಿಮಗೆ ಎಷ್ಟು ಡಾಟಾ ಬೇಕು? ಎಚ್‌ಡಿ ವಿಡಿಯೋ ಕಾಲ್ ಗಂಟೆಗೆ ಹೆಚ್ಚುಕಮ್ಮಿ 1 ಜಿಬಿ ತಿನ್ನುತ್ತದೆ. ಎರಡು ಗಂಟೆ ಪಾಠ ಅಂದರೆ 2 ಜಿಬಿ ಅಲ್ಲಿಗೇ ಮುಗಿಯಿತು. ಗಣಿತಕ್ಕೆ ನಿಮ್ಮ ಮುಖಕ್ಕಿಂತ ಬೋರ್ಡ್ ಮುಖ್ಯ ಅಲ್ವಾ? ಎಚ್‌ಡಿ ತೆಗೆದುಹಾಕಿ. ಶುರುವಿನಲ್ಲಿ ಐದು ನಿಮಿಷ ಮುಖ ತೋರಿಸಿ, ಆಮೇಲೆ ಕ್ಯಾಮೆರಾ ಮುಚ್ಚಿ ಸ್ಕ್ರೀನ್ ಮಾತ್ರ ತೋರಿಸಿ. ಬಳಕೆ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಸಿಗ್ನಲ್ ಬಡವಾಗಿದ್ದರೂ ಪಾಠ ನಡೆಯುತ್ತದೆ. ಜಿಎಸ್‌ಟಿ ಕೆಲಸಕ್ಕೆ ಡಾಟಾ ತೀರಾ ಕಡಿಮೆ ಸಾಕು. ಅದಕ್ಕೆ ಬೇಕಾದದ್ದು ನಡುವೆ ಕಡಿಯದ ಸಂಪರ್ಕ.

ನಿಜವಾದ ಕಳ್ಳ ರಾತ್ರಿ ಸಿನಿಮಾ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗುತ್ತದೆ. ಹಾಸನ, ಚಿಕ್ಕಮಗಳೂರಿನಂಥ ಊರಲ್ಲಿ 5ಜಿ ಸಿಗುತ್ತದೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಕೆಲವು ಪ್ಲಾನ್‌ಗಳಿಗೆ 5ಜಿ ಮಿತಿಯಿಲ್ಲದೆ ಕೊಡುತ್ತಾರೆ. ತರಕಾರಿ, ಗ್ಯಾಸ್ ತರಲು ಊರಿಗೆ ಬಂದ ದಿನ ವಾರದ ಸಿನಿಮಾ ಎಲ್ಲ ಇಳಿಸಿಕೊಳ್ಳಿ. ಆದರೆ ಆಲ್ದೂರು ದಾಟಿ ಒಳದಾರಿ ಹಿಡಿದ ಮೇಲೆ ಫೋನ್ ಸದ್ದಿಲ್ಲದೆ 4ಜಿಗೆ ಇಳಿದಿರುತ್ತದೆ. ಆಗ ದಿನದ ಕೋಟಾದಿಂದಲೇ ಹೋಗುತ್ತದೆ. ಸ್ಕ್ರೀನಿನ ಮೇಲೆ 5ಜಿ ಅಂತ ಇದೆಯಾ ಅಂತ ನೋಡದೆ ಹಾಟ್‌ಸ್ಪಾಟ್ ಬಿಡಬೇಡಿ. ಕೋಟಾ ಮುಗಿದ ಮೇಲೆ ಸಿಗುವ ವೇಗ 64 ಕೆಬಿಪಿಎಸ್. 3 ಎಂಬಿಯ ಒಂದು ಫೋಟೋ ಕಳಿಸಲು ಆರು ನಿಮಿಷಕ್ಕೂ ಜಾಸ್ತಿ. ವಾಟ್ಸ್ಯಾಪ್ ಅಕ್ಷರ ಹೋಗುತ್ತದೆ, ಅಷ್ಟೇ.

ಇನ್ನು ಗಾಡಿ ವಿಷಯ. ನಿಮ್ಮ ಟ್ರಾವೆಲರ್ ಪೂರ್ತಿ ಕಬ್ಬಿಣದ ತಗಡು. ಸಿಗ್ನಲ್‌ಗೆ ಅದೊಂದು ಟ್ರಂಕು. ಫೋನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನಿಗೆ ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಹೇಳುವ ಡಿಬಿಎಂ ಅನ್ನುವ ಅಂಕಿ ಕಾಣುತ್ತದೆ. ಮೈನಸ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ಮೈನಸ್ 80 ಆದರೆ ಹಬ್ಬ. ಮೈನಸ್ 110 ಆದರೆ ಪಾಠ ಮಾಡುವುದು ಕಷ್ಟ. ನಾನು ಗೊರೂರು ಹಿನ್ನೀರಿನ ಹತ್ತಿರ ಇದೇ ಥರದ ಗಾಡಿಯಲ್ಲಿ ಅಳೆದಾಗ ಮಂಚದ ಮೇಲೆ ಮೈನಸ್ 113 ಇತ್ತು, ಮುಂದಿನ ಗಾಜಿನ ಹತ್ತಿರ 106, ಮೇಲಿನ ಕ್ಯಾರಿಯರ್ ಮೇಲೆ 98. ಮಂಚಕ್ಕೂ ಕ್ಯಾರಿಯರ್‌ಗೂ 15ರ ವ್ಯತ್ಯಾಸ. ನೋಡಲು ಸಣ್ಣದು, ಆದರೆ 10ರಷ್ಟು ಸುಧಾರಿಸಿದರೆ ಸಿಗ್ನಲ್ ಹತ್ತು ಪಟ್ಟು ಅಂತ ಲೆಕ್ಕ. 15 ಅಂದರೆ ಮೂವತ್ತು ಪಟ್ಟು! ಒಂದು ರೂಪಾಯಿ ಖರ್ಚಿಲ್ಲದೆ.

ಹಾಗಾಗಿ ಖರ್ಚು ಮಾಡಲೇಬೇಕು ಅನ್ನಿಸಿದರೆ ದೊಡ್ಡ ಪ್ಲಾನ್‌ಗೆ ಬೇಡ. ಸಿಮ್ ಹಾಕುವ 4ಜಿ ರೂಟರ್ ಒಂದು ತೆಗೆದುಕೊಳ್ಳಿ, ಹೊರಗಿನ ಆಂಟೆನಾ ಸಿಕ್ಕಿಸುವ ಎರಡು ಕಿಂಡಿ ಇರುವಂಥದ್ದು. ಆಂಟೆನಾವನ್ನು ಕ್ಯಾರಿಯರ್ ಮೇಲೆ ಕಟ್ಟಿ. ದಿನಾ ಜಾಗ ಬದಲಿಸುವವರಿಗೆ ಎಲ್ಲ ದಿಕ್ಕಿಗೂ ಹಿಡಿಯುವ ಆಂಟೆನಾ ಸರಿ, ಒಂದೇ ಕಡೆ ವಾರಗಟ್ಟಲೆ ನಿಲ್ಲುವವರಿಗೆ ಟವರ್ ಕಡೆ ತಿರುಗಿಸುವಂಥದ್ದು ಒಳ್ಳೆಯದು. ಕೇಬಲ್ ಉದ್ದ ಮಾಡಬೇಡಿ, ಸಿಕ್ಕ ಸಿಗ್ನಲ್ ಕೇಬಲಲ್ಲೇ ಸೋರಿಹೋಗುತ್ತದೆ. 12 ವೋಲ್ಟ್ ರೂಟರ್ ಆದರೆ ಇನ್ವರ್ಟರ್ ಬೇಡ, ಬ್ಯಾಟರಿಯಿಂದಲೇ ಓಡುತ್ತದೆ. ಆದರೆ ಎಂಜಿನ್ ಓಡುವಾಗ ವೋಲ್ಟೇಜ್ 14 ದಾಟುವುದರಿಂದ ನಡುವೆ ಒಂದು ಸ್ಟೆಬಿಲೈಸರ್, ಒಂದು ಫ್ಯೂಸ್ ಹಾಕಿಸಿ. ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟರೆ, ಟವರ್ ಸಿಗದ ಸಿಮ್‌ಗೂ ಈ ರೂಟರ್ ಮೂಲಕ ಕರೆ ಬರುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಪ್ಲಾನಿಗಿಂತ ದೊಡ್ಡದು. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಹೇಳಿದ ಮೇಲೆ ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಎಲ್ಲಿ 4ಜಿ, ಎಲ್ಲಿ 5ಜಿ ಅಂತ ನಕ್ಷೆ ಹಾಕಿವೆ. ಹೊರಡುವ ಮುಂಚೆ ನೋಡಿ. ಆದರೆ ನಕ್ಷೆಯ ಬಣ್ಣಕ್ಕೆ ಹಳ್ಳ ತಿಟ್ಟು ಗೊತ್ತಾಗುವುದಿಲ್ಲ. ಹೊಳೆ ಪಕ್ಕದ ಚೆಂದದ ತಗ್ಗಿನಲ್ಲಿ ಸೊನ್ನೆ ಇರುತ್ತದೆ, ನೂರು ಅಡಿ ಮೇಲಿನ ತಿರುವಿನಲ್ಲಿ ಭರ್ಜರಿ ಬರುತ್ತದೆ. ಹಾಗಂತ ತೀರಾ ಮೇಲೆ ಹೋದರೆ ಆಗುತ್ತದಾ? ಅದೂ ಇಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಮೇಲೆ ಕಡ್ಡಿ ಪೂರ್ತಿ ಇದ್ದರೂ ನೆಟ್ ತೆವಳುವುದನ್ನು ನೀವೂ ನೋಡಿರಬಹುದು. ಅಲ್ಲಿಗೆ ದೂರದೂರದ ಟವರ್‌ಗಳೆಲ್ಲ ಒಟ್ಟಿಗೆ ಕೇಳಿಸುತ್ತವೆ, ಸಂತೆಯಲ್ಲಿ ಮಾತು ಕೇಳಿದ ಹಾಗೆ. ಶನಿವಾರ ಭಾನುವಾರ ಪ್ರವಾಸಿಗರ ಫೋನುಗಳ ಜಾತ್ರೆ ಬೇರೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಂತೂ ಪಾಠದ ಹೊತ್ತಿಗೆ ಸಿಕ್ಕಿಕೊಳ್ಳದಂತೆ ಹೊರಡಿ. ನಿಮ್ಮ ಪಾಠ ಸಂಜೆ ಹೊತ್ತಿನದಾದರೆ, ಸಾಧ್ಯವಾದರೆ ಬೆಳಿಗ್ಗೆಗೆ ತನ್ನಿ. ರಾತ್ರಿ ಎಲ್ಲರ ಮನೆಯಲ್ಲೂ ವಿಡಿಯೋ ಓಡುವಾಗ ಹಳ್ಳಿಯ ಒಂದೇ ಟವರ್ ಏದುಸಿರು ಬಿಡುತ್ತಿರುತ್ತದೆ.

ಲಡಾಖ್‌ಗೆ ಹೋಗುವುದಾದರೆ ಒಂದು ಸಿಮ್ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ. ಉಳಿದ ರಾಜ್ಯಗಳಿಗೆ ಇದೇ ಸಾಕು, ರೋಮಿಂಗ್‌ಗೆ ಬೇರೆ ದುಡ್ಡಿಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿ ವ್ಯಾನ್‌ನವರು ಬಂದು ನಿಲ್ಲಲು ಜಾಗ ಕೊಡುತ್ತೇವೆ. ಬಂದವರೆಲ್ಲ ಮೊದಲು ಕೇಳುವುದೇ ನೆಟ್. ಆನ್‌ಲೈನಲ್ಲಿ ಸಿಗ್ನಲ್ ಬೂಸ್ಟರ್ ಸಿಗುತ್ತದಂತೆ. ಹಾಕಿಸಬಹುದಾ?
- ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಬೇಡ. ಅನುಮತಿಯಿಲ್ಲದೆ ಬೂಸ್ಟರ್ ಹಾಕುವುದು ಕಾನೂನಿಗೆ ವಿರುದ್ಧ. ಮಾರುವವರು ಇದನ್ನು ಹೇಳುವುದಿಲ್ಲ. ಅದು ನಿಮ್ಮ ಸಿಗ್ನಲ್ ಜೊತೆ ಗಲಾಟೆಯನ್ನೂ ಹಿಗ್ಗಿಸಿ ಟವರ್ ಕಡೆಗೆ ಎಸೆಯುತ್ತದೆ. ನಿಮ್ಮಲ್ಲಿ ನಾಲ್ಕು ಕಡ್ಡಿ ಬಂದರೆ ಪಕ್ಕದ ತೋಟದವರ ಕರೆ ಕಡಿದುಹೋಗುತ್ತಿರುತ್ತದೆ. ಮೇಲೆ ಹೇಳಿದ ರೂಟರ್ ಆಂಟೆನಾ ಬೇರೆ. ಅದು ತನ್ನ ಒಂದು ರೂಟರ್‌ಗೆ ಮಾತ್ರ ಕಿವಿ, ಯಾರ ತಂಟೆಗೂ ಹೋಗುವುದಿಲ್ಲ.

ನಿಮ್ಮ ಹಳ್ಳಿವರೆಗೆ ಫೈಬರ್ ಬಂದಿದ್ದರೆ ಅದನ್ನೇ ತೋಟಕ್ಕೆ ಎಳೆಸಿ. ವ್ಯಾನ್ ನಿಲ್ಲುವ ಕಡೆ ಒಂದು ವೈಫೈ ಡಬ್ಬ, ಅತಿಥಿಗಳಿಗೆ ಬೇರೆ ಪಾಸ್‌ವರ್ಡ್. ಮಳೆಗಾಲದಲ್ಲಿ ಕೊಂಬೆ ಬಿದ್ದು ವಯರ್ ಕಡಿಯುತ್ತದೆ ಅನ್ನುವುದು ನಿಮಗೇ ಗೊತ್ತು. ಜೋಡಿಸುವ ಹುಡುಗನ ನಂಬರ್ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಫೈಬರ್ ಡಬ್ಬಿಗೂ ರೂಟರ್‌ಗೂ ಚಿಕ್ಕ ಯುಪಿಎಸ್ ಒಂದು ಇರಲಿ.

ಪ್ರಶ್ನೆ: ಉಪಗ್ರಹದಿಂದ ನೆಟ್ ಕೊಡುವ ಸ್ಟಾರ್‌ಲಿಂಕ್ ಬರುತ್ತದಲ್ಲ, ಕಾದು ಅದನ್ನೇ ಗಾಡಿಗೆ ಹಾಕಿಸಿದರೆ ಆಗದೇ? ದುಬೈಯಲ್ಲಿರುವ ಭಾವ ಡಿಶ್ ತಂದುಕೊಡುತ್ತೇನೆ ಅನ್ನುತ್ತಾರೆ.
- ಓದುಗರು, ಬೇಲೂರು

ಉತ್ತರ: ಭಾವನಿಗೆ ಬೇಡ ಅಂತ ಹೇಳಿ. 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಸ್ಟಾರ್‌ಲಿಂಕ್‌ಗೆ ಪರವಾನಗಿ ಕೊಟ್ಟಿದ್ದು ನಿಜ. ಆದರೆ ಅದು ಕಂಪನಿಗೆ ಕೊಟ್ಟ ಪರವಾನಗಿ. ಹೊರದೇಶದಲ್ಲಿ ಕೊಂಡ ಡಿಶ್ಶನ್ನು ಇಲ್ಲಿ ಚಾವಣಿ ಮೇಲೆ ಇಟ್ಟುಕೊಳ್ಳಲು ನಿಮಗೆ ಕೊಟ್ಟದ್ದಲ್ಲ. ಇಲ್ಲಿನ ಪ್ಲಾನ್ ಇಲ್ಲಿ ಕೊಂಡರೆ ಮಾತ್ರ ಸರಿ. ಜೊತೆಗೆ ಆ ಡಿಶ್‌ಗೆ ಮೇಲೆ ಪೂರ್ತಿ ತೆರೆದ ಆಕಾಶ ಬೇಕು. ನೆರಳು ನೋಡಿ ಮರದ ಬುಡದಲ್ಲಿ ಗಾಡಿ ನಿಲ್ಲಿಸುವ ಅಭ್ಯಾಸ ನಿಮ್ಮದಾದರೆ, ಬಿಸಿಲೋ ನೆಟ್ಟೋ ಅಂತ ದಿನಾ ಗಂಡ ಹೆಂಡತಿ ಜಗಳ ಆಡಬೇಕಾಗುತ್ತದೆ.